ಉಪ್ಪೂ ಕಬ್ಬಿಣವೂ

ಊರಿನ ಹೆಸರು ಊರಿನವರಿಗಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುವುದು. ತುಮಕೂರು ನಗರದೊಳಗೆ ಈಗ ಬೆರೆತುಹೋಗಿರುವ ಉಪ್ಪಾರಹಳ್ಳಿಯಲ್ಲಿ ಉಪ್ಪಿನ ಮಡಿಗಳಾಗಲಿ, ಸವಳುಮಣ್ಣನ್ನು ನೀರಿನಲ್ಲಿ ಕದಡಿ ಬಸಿಯುವ ಕುಣಿಗಳಾಗಲಿ ಇಂದು ಕಾಣಬರುವುದಿಲ್ಲ. ಕಾಣುವುದು ಒತ್ತೊತ್ತಾದ ಮನೆಗಳು, ಅಂಗಡಿಗಳು, ರೈಲುಹಳಿ, ಆ ಹಳಿಯನ್ನು ದಾಟುವ ಮೇಲುಸೇತುವೆ. ಆದರೂ ಮಣ್ಣಿನಿಂದ ಉಪ್ಪನ್ನು ಬೇರ್ಪಡಿಸಿದ ಉಪ್ಪಾರರ ಹಳೆಯ ಕಸುಬು ಆ ಹೆಸರಿನೊಳಗೆ ಕರಗದೆ ನಿಂತಿದೆ. ಹೆಸರಿನಲ್ಲಿ ಉಪ್ಪು, ನೆಲದ ಮೇಲೆ ಕಬ್ಬಿಣ: ಒಂದು ಊರಿಗೆ ಇದಕ್ಕಿಂತ ಸಾಮಾನ್ಯವಾದ ಸಂಪತ್ತು ಯಾವುದಿದ್ದೀತು? ಆದರೆ ಸೂರ್ಯನ ಸುತ್ತಣ ಬೆಳಕನ್ನು ಓದಹೊರಟ ಪಂಡಿತರನ್ನು ಎಪ್ಪತ್ತು ವರ್ಷಕಾಲ ಅಲೆಸಿದ ಒಗಟಿಗೆ ಇಂಥ ಸಾಮಾನ್ಯ ವಸ್ತುವಿನಲ್ಲಿಯೇ ಉತ್ತರವಿದ್ದಿತು. ಆ ಬಗೆಯ ಉತ್ತರಗಳನ್ನು ಲೆಕ್ಕದಿಂದ ಸಾಧಿಸಿ ತೋರಿಸುವ ಕೆಲಸವು ತುಮಕೂರಿನಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಬೆಂಗಳೂರಿನಲ್ಲಿಯೂ ನಡೆದುಬಂದಿದೆ.

ಮಗುವಿಗೆ ದೃಷ್ಟಿ ತೆಗೆದ ಅಜ್ಜಿಯು ನಿವಾಳಿಸಿದ ಉಪ್ಪನ್ನು ಒಲೆಗೆ ಹಾಕಿದಾಗ ಅದು ಚಟಪಟಗುಟ್ಟಿ, ಉರಿಯು ಕ್ಷಣಕಾಲ ಅಪ್ಪಟ ಹಳದಿಯಾಗುವುದನ್ನು ಎಲ್ಲರೂ ನೋಡಿರುವರು. ಅಜ್ಜಿಯ ಕಣ್ಣಿಗೆ ಅದು ಸುಟ್ಟುಹೋದ ದೃಷ್ಟಿದೋಷ. ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಜರ್ಮನ್ ಪಂಡಿತರ ಕಣ್ಣಿಗೆ 1859ರ ಸುಮಾರಿನಲ್ಲಿ ಅದು ಒಂದು ಸಹಿಯಾಗಿ ತೋರಿತು. ಜ್ವಾಲೆಯ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ಹರಡಿದರೆ, ಉಪ್ಪಿನಲ್ಲಿರುವ ಸೋಡಿಯಮ್ ಎಂಬ ಧಾತುವು ಒತ್ತಾಗಿ ನಿಂತ ಎರಡು ಹಳದಿ ಗೆರೆಗಳನ್ನು ಬರೆಯುವುದು. ಅವುಗಳ ತರಂಗದ ಉದ್ದವು 5890 ಮತ್ತು 5896 ಆಂಗ್‌ಸ್ಟ್ರಮ್. ಒಂದು ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತುಕೋಟಿಯಲ್ಲಿ ಒಂದು ಪಾಲು. ಬೇರೆ ಯಾವ ಧಾತುವೂ ಆ ಸಹಿಯನ್ನು ಹಾಕಲಾರದು. ಕಾರಣವು ಪರಮಾಣುವಿನ ರಚನೆಯಲ್ಲಿದೆ. ಸೋಡಿಯಮ್ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳು. 10 ಒಳಕೋಣೆಗಳಲ್ಲಿ ಭದ್ರವಾಗಿ ಕುಳಿತಿರುವುವು, ಒಂದು ಮಾತ್ರ ಜಗಲಿಯ ಮೇಲಿರುವುದು. ಉರಿಯ ಬಿಸಿಗೆ ಆ ಒಂಟಿ ಎಲೆಕ್ಟ್ರಾನು ಮೆಟ್ಟಿಲೇರಿ, ಮತ್ತೆ ಕೆಳಕ್ಕಿಳಿಯುವಾಗ ಹಳದಿ ಬೆಳಕನ್ನು ಚೆಲ್ಲುವುದು.

ಭೂಮಿಯ ಮೇಲಿನ ಜ್ವಾಲೆಯನ್ನು ಓದಲು ಕಲಿತವರು ಆಕಾಶವನ್ನೂ ಓದಬಯಸಿದುದು ಸಹಜವೇ. ಸೂರ್ಯನ ಸುತ್ತ ಮುತ್ತಿನ ಬಣ್ಣದ ಕಿರೀಟವೊಂದುಂಟು. ಅದರ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟಾದುದರಿಂದ ಪೂರ್ಣಗ್ರಹಣದ ಕೆಲವು ನಿಮಿಷ ಮಾತ್ರ ಕಣ್ಣಿಗೆ ಬೀಳುವುದು. ಈ ಕಿರೀಟದ ಕಥೆಯಲ್ಲಿ ಕನ್ನಡನಾಡಿಗೂ ಪಾಲುಂಟು. 1868ರ ಆಗಸ್ಟ್ 18ರ ಗ್ರಹಣವನ್ನು ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿಯು ಜಮಖಂಡಿಯಿಂದ ರೋಹಿತದರ್ಶಕ ಹಿಡಿದು ನೋಡಿದನು. ಮರುವರ್ಷದ ಆಗಸ್ಟ್ 7ರಂದು ಅಮೆರಿಕೆಯಲ್ಲಿ ಯಂಗ್ ಮತ್ತು ಹಾರ್ಕ್‌ನೆಸ್ ಎಂಬವರು ಕಿರೀಟದ ಬೆಳಕಿನಲ್ಲಿ ಒಂದು ಹಸುರು ಗೆರೆಯನ್ನು ಕಂಡರು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ನಾರ್ಮನ್ ಲಾಕಿಯರ್ ಎಂಬ ಇಂಗ್ಲಿಷ್ ಪಂಡಿತರು ತಮ್ಮ ಪರಿವಾರದೊಡನೆ ಕಾಸರಗೋಡು ಸೀಮೆಯ ಬೇಕಲದ ಕೋಟೆಯಲ್ಲಿ ಬೀಡುಬಿಟ್ಟು, ಕಡಲ ಮೇಲಣ ಆಕಾಶದಲ್ಲಿ ಆ ಕಿರೀಟವನ್ನು ಪರೀಕ್ಷಿಸಿದರು.

ಹಸುರು ಗೆರೆಯು ಯಾವ ಧಾತುವಿನದು? ಇಲ್ಲಿ ಒಂದು ವಿನೋದವುಂಟು. ಕಿರ್ಖಾಫನು ತಯಾರಿಸಿದ್ದ ಸೂರ್ಯರೋಹಿತದ ನಕ್ಷೆಯಲ್ಲಿ ಆ ಗೆರೆಯು 1474ನೆಯ ಗುರುತಿನ ಮೇಲೆ ಬಿದ್ದಂತೆ ತೋರಿತು; ಆ ಗುರುತಿನಲ್ಲಿರುವುದು ಕಬ್ಬಿಣದ ಗೆರೆಯೆಂದು ನಕ್ಷೆಯು ಹೇಳುತ್ತಿದ್ದಿತು. ಆದಕಾರಣ ಮೊದಲು ಸಂಶಯಕ್ಕೊಳಗಾದದ್ದು ಕಬ್ಬಿಣವೇ. ಸೂಕ್ಷ್ಮವಾಗಿ ಅಳೆದಾಗ ಎರಡೂ ಒಂದೇ ಅಲ್ಲವೆಂದು ಗೊತ್ತಾಯಿತು. 1898ರ ಜನವರಿ 22ರ ಗ್ರಹಣಕ್ಕೆ ಲಾಕಿಯರ್ ಅವರು ಮತ್ತೆ ಹಿಂದೂಸ್ಥಾನಕ್ಕೆ ಬಂದು, ಕೊಂಕಣ ತೀರದ ವಿಜಯದುರ್ಗದಲ್ಲಿ ನಿಂತು ಫೋಟೋ ತೆಗೆಯಿಸಿದ ಮೇಲೆ ಅದರ ನಿಜವಾದ ಸ್ಥಾನವು 5303 ಆಂಗ್‌ಸ್ಟ್ರಮ್ ಎಂದು ನಿಶ್ಚಯವಾಯಿತು. ಕಬ್ಬಿಣಕ್ಕೆ ಖುಲಾಸೆ ಸಿಕ್ಕಿತು. ತಿಳಿದ ಯಾವ ಧಾತುವೂ ಅಲ್ಲಿ ಗೆರೆ ಬರೆಯದುದರಿಂದ, ಭೂಮಿಯಲ್ಲಿಲ್ಲದ ಹೊಸ ಧಾತುವೊಂದು ಸೂರ್ಯನಲ್ಲಿರಬೇಕೆಂದು ಊಹಿಸಿ ಅದಕ್ಕೆ ‘ಕೊರೋನಿಯಮ್’ ಎಂದು ನಾಮಕರಣವನ್ನೂ ಮಾಡಿದರು. ಹುಟ್ಟದ ಮಗುವಿಗೆ ಹೆಸರಿಟ್ಟಂತಾಯಿತು. ಧಾತುಗಳ ಪಟ್ಟಿಯಲ್ಲಿ ಮನೆಗಳೆಲ್ಲ ತುಂಬುತ್ತ ಬಂದರೂ ಕೊರೋನಿಯಮ್ಮಿಗೆ ಮಾತ್ರ ಸ್ಥಳ ಸಿಕ್ಕಲಿಲ್ಲ.

1939ರಲ್ಲಿ ಜರ್ಮನಿಯ ಗ್ರೋಟ್ರಿಯನ್ ಎಂಬವರು ಕಿರೀಟದ ಬೇರೆರಡು ಗೆರೆಗಳನ್ನು ಕಬ್ಬಿಣದ ಲೆಕ್ಕಕ್ಕೆ ಹೊಂದಿಸಿ ತೋರಿಸಿದರು. ಸ್ವೀಡನ್ನಿನ ಎಡ್ಲೆನ್ ಎಂಬವರು ಒಂದೇ ಸಂಖ್ಯೆಯ ಎಲೆಕ್ಟ್ರಾನುಗಳುಳ್ಳ ಬೇರೆ ಬೇರೆ ಧಾತುಗಳ ಸಾಲನ್ನು ತಾಳ್ಮೆಯಿಂದ ಅಳೆಯುತ್ತ ಹೋಗಿ, 1942ರ ಹೊತ್ತಿಗೆ ಹಸುರು ಗೆರೆಯ ಒಗಟನ್ನೂ ಒಡೆದರು. ಅದು ಕಬ್ಬಿಣದ್ದೇ, ಆದರೆ ಕುಲುಮೆಯಲ್ಲಿ ಕಾಯುವ ಕಬ್ಬಿಣವಲ್ಲ, ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡು ಉಳಿದ 13ರೊಡನೆ ಬದುಕುತ್ತಿರುವ ಕಬ್ಬಿಣ. ಸೂರ್ಯನ ಮೇಲ್ಮೈಯ ಶಾಖವು ಆರು ಸಾವಿರ ಡಿಗ್ರಿಗೂ ಕಡಿಮೆ. ಆದರೆ ಕಬ್ಬಿಣದಿಂದ 13 ಎಲೆಕ್ಟ್ರಾನುಗಳನ್ನು ಕಿತ್ತೊಗೆಯಬೇಕಾದರೆ ಕಿರೀಟದ ಶಾಖವು ಹತ್ತಿಪ್ಪತ್ತು ಲಕ್ಷ ಡಿಗ್ರಿಯಷ್ಟಿರಬೇಕು. ಒಂದು ಗೆರೆಯ ಅರ್ಥ ತಿಳಿದೊಡನೆ ಸೂರ್ಯನ ವಿಷಯವಾಗಿ ಲೋಕವು ತಿಳಿದಿದ್ದುದೇ ತಲೆಕೆಳಗಾಯಿತು. ಎದುರಿಗಿದ್ದ ಹಳೆಯ ವಸ್ತುವನ್ನು ಹೊಸ ಸ್ಥಿತಿಯಲ್ಲಿ ಗುರುತಿಸಲಾರದೆ ಹೊಸ ವಸ್ತುವನ್ನೇ ಕಲ್ಪಿಸಿಕೊಳ್ಳುವುದು ಪಂಡಿತರಿಗೆ ಮಾತ್ರ ಮೀಸಲಾದ ದೌರ್ಬಲ್ಯವೇನಲ್ಲ. ಹತ್ತು ವರ್ಷ ದೂರದೇಶದಲ್ಲಿದ್ದು ಬಂದ ಮಗನನ್ನು ಕಂಡು ‘ಇವನು ಬೇರೆಯವನೇ ಆಗಿಬಿಟ್ಟ’ ಎನ್ನುವ ಮನೆಗಳು ಎಷ್ಟಿಲ್ಲ!

ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣುವಿಗೆ ಅಯಾನು ಎಂದು ಹೆಸರು. ಕಬ್ಬಿಣವು 15 ಎಲೆಕ್ಟ್ರಾನುಗಳನ್ನು ಕಳೆದುಕೊಂಡರೆ ಉಳಿಯುವುದು 11; ಎಂದರೆ ಸೋಡಿಯಮ್ಮಿನಲ್ಲಿರುವಷ್ಟೇ. ಆಗ ಆ ಕಬ್ಬಿಣವು ಉಪ್ಪಿನ ಜಾಡನ್ನೇ ಹಿಡಿದು ಜೋಡಿಗೆರೆಯನ್ನು ಬರೆಯುವುದು. ಆದರೆ ಬೀಜದ ಸೆಳೆತವು ಬಲವಾದುದರಿಂದ ಆ ಜೋಡಿಯು ಹಳದಿಯನ್ನು ಬಿಟ್ಟು, 335 ಮತ್ತು 361 ಆಂಗ್‌ಸ್ಟ್ರಮ್ಮುಗಳ ಬಳಿ, ಕಣ್ಣಿಗೆ ಕಾಣದ ಅತಿನೇರಿಳೆಯ ಆಳಕ್ಕೆ ಸರಿದಿರುವುದು. ಹೀಗೆಯೇ 13 ಉಳಿದ ಕಬ್ಬಿಣವು ಅಲ್ಯೂಮಿನಿಯಮ್ಮಿನ ಜಾಡನ್ನು ಹಿಡಿಯುವುದು. ಅಡಿಗೆಮನೆಯ ಪಾತ್ರೆಯ ಅಲ್ಯೂಮಿನಿಯಮ್ ಪರಮಾಣುವಿನಲ್ಲಿ ಅತ್ಯಂತ ಕೆಳಗಿನ ಎರಡು ಮೆಟ್ಟಿಲುಗಳ ನಡುವಣ ಅಂತರವು ಬಹು ಅಲ್ಪ. ಕಬ್ಬಿಣದ ಅಯಾನಿನಲ್ಲಿ ಅದೇ ಅಂತರವು ಸುಮಾರು 168 ಮಡಿ ಹೆಚ್ಚಿ, ಹಸುರು ಬೆಳಕಾಗಿ ಹೊಳೆಯುವುದು.

ಈ ಹಸುರು ಗೆರೆಯನ್ನು ಶಾಸ್ತ್ರಜ್ಞರು ‘ನಿಷಿದ್ಧ’ ಎಂದು ಕರೆಯುವರು. ಉಪ್ಪಿನ ಎಲೆಕ್ಟ್ರಾನು ಮೇಲಿನ ಮೆಟ್ಟಿಲಲ್ಲಿ ನಿಲ್ಲುವುದು ಸೆಕೆಂಡಿನ ನೂರುಕೋಟಿಯಲ್ಲಿ 16 ಪಾಲು ಮಾತ್ರ. ಕಬ್ಬಿಣದ ಅಯಾನಾದರೋ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಪಾಲು, ಎಂದರೆ ಹತ್ತು ಲಕ್ಷ ಮಡಿ ಹೆಚ್ಚು ಕಾಲ, ಇಳಿಯಲೋ ಬೇಡವೋ ಎಂದು ಕಾದಿರುವುದು. ಸಾಧಾರಣ ಅನಿಲದಲ್ಲಿ ಅಷ್ಟು ಹೊತ್ತು ಯಾರೂ ಒಬ್ಬರನ್ನು ನೆಮ್ಮದಿಯಾಗಿ ನಿಲ್ಲಗೊಡುವುದಿಲ್ಲ. ಮತ್ತೊಂದು ಕಣವು ಬಂದು ಢಿಕ್ಕಿ ಹೊಡೆದು ಶಕ್ತಿಯನ್ನು ಕಸಿದುಕೊಳ್ಳುವುದು. ಸೂರ್ಯನ ಕಿರೀಟವು ಅತ್ಯಂತ ವಿರಳವಾದುದರಿಂದಲೇ ಅಲ್ಲಿ ಆ ಬೆಳಕು ಹುಟ್ಟಲು ಅವಕಾಶವುಂಟು.

ಗೆರೆಯನ್ನು ನೋಡುವುದು ಒಂದು ಕೆಲಸ. ಆ ಗೆರೆಯು ಅಲ್ಲಿಯೇ ಏಕೆ ಬೀಳಬೇಕು, ಇಷ್ಟೇ ಪ್ರಕಾಶವಾಗಿ ಏಕಿರಬೇಕು ಎಂಬುದನ್ನು ಲೆಕ್ಕಹಾಕುವುದು ಇನ್ನೊಂದು. ಎರಡನೆಯದರ ಕಷ್ಟವನ್ನು ಹೇಳಲು ಒಂದು ಹೋಲಿಕೆ ಸಾಕು. ಪರಮಾಣುಗಳ ಪೇಟೆಯಲ್ಲಿ ಶಕ್ತಿಯನ್ನು ಅಳೆಯುವ ಸೇರಿಗೆ ಎಲೆಕ್ಟ್ರಾನ್‌ವೋಲ್ಟ್ ಎಂದು ಹೆಸರು. ಹದಿಮೂರು ಎಲೆಕ್ಟ್ರಾನುಗಳುಳ್ಳ ಆ ಕಬ್ಬಿಣದ ಅಯಾನನ್ನು ಪೂರ್ತಿ ಬಿಚ್ಚಿಹಾಕಲು 32 ಸಾವಿರಕ್ಕೂ ಹೆಚ್ಚು ಎಲೆಕ್ಟ್ರಾನ್‌ವೋಲ್ಟ್ ಬೇಕು. ಹಸುರು ಗೆರೆಯ ಒಂದು ಕಣ ಬೆಳಕಿನಲ್ಲಿರುವುದು 2.34 ಮಾತ್ರ. ತೆಂಗಿನಕಾಯಿ ತುಂಬಿದ ಗಾಡಿಯನ್ನು ತೂಗಿ, ಅದರಿಂದ ಒಂದು ಹಿಡಿ ಅಡಿಕೆಯನ್ನು ತೆಗೆದು ಮತ್ತೆ ಗಾಡಿಯನ್ನೇ ತೂಗಿ, ಎರಡು ತೂಕಗಳನ್ನು ಕಳೆದು ಅಡಿಕೆಯ ತೂಕವನ್ನು ಹೇಳೆಂದರೆ ಗುಬ್ಬಿಯ ಸಂತೆಯ ವ್ಯಾಪಾರಿಯು ನಕ್ಕಾನು. ಪರಮಾಣುವಿನ ಲೆಕ್ಕಿಗನಿಗೆ ನಗುವ ಹಾಗಿಲ್ಲ.

ಒಂದು ಎಲೆಕ್ಟ್ರಾನು ಮಾತ್ರ ಇರುವ ಪರಮಾಣುವಿನ ಲೆಕ್ಕವು ಪೂರ್ಣವಾಗಿ ಬಿಡುವುದು. ಎರಡು ಸೇರಿದೊಡನೆಯೇ ಆ ಪೂರ್ಣತೆಯು ತಪ್ಪಿತು. ಏಕೆಂದರೆ ಬೀಜವು ಎರಡನ್ನೂ ಎಳೆಯುವುದಲ್ಲದೆ ಅವೆರಡೂ ಒಂದನ್ನೊಂದು ತಳ್ಳುವುವು. 1927ರ ಕೊನೆಯಲ್ಲಿ ಇಂಗ್ಲೆಂಡಿನ ಡಗ್ಲಸ್ ಹಾರ್ಟ್ರಿ ಎಂಬವರು ಒಂದು ಉಪಾಯವನ್ನು ಮುಂದಿಟ್ಟರು. ಒಂದೊಂದು ಎಲೆಕ್ಟ್ರಾನೂ ಉಳಿದವುಗಳನ್ನು ಬಿಡಿಬಿಡಿಯಾಗಿ ಕಾಣದೆ, ಅವೆಲ್ಲ ಹರಡಿದ ಮೋಡದ ಸರಾಸರಿ ಒತ್ತಡವನ್ನು ಮಾತ್ರ ಅನುಭವಿಸುವುದೆಂದು ಭಾವಿಸಿ ಲೆಕ್ಕಹಾಕುವುದು. ಬಂದ ಉತ್ತರದಿಂದ ಹೊಸ ಸರಾಸರಿಯನ್ನು ತೆಗೆದು ಮತ್ತೆ ಹಾಕುವುದು. ಹೋದದ್ದೂ ಬಂದದ್ದೂ ಒಂದಾಗುವವರೆಗೆ ಹೀಗೆ ಸುತ್ತುವುದು. 1930ರಲ್ಲಿ ರಷ್ಯದ ಫಾಕ್ ಎಂಬವರು ಅದನ್ನು ತಿದ್ದಿ ಬಲಪಡಿಸಿದರು. ಹಾರ್ಟ್ರಿಯ ತಂದೆ ವಿಲಿಯಮ್ ಹಾರ್ಟ್ರಿ ಅವರು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ಮಗನ ಜೊತೆಗೆ ಕುಳಿತು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಈ ಬೇಸರದ ಲೆಕ್ಕಗಳನ್ನು 1943ರಲ್ಲಿ ತೀರಿಕೊಳ್ಳುವವರೆಗೂ ಮಾಡಿದರು. ತಂದೆಯ ವಿದ್ಯೆ ಮಗನಿಗೆ ಬರುವುದನ್ನು ಲೋಕವು ಬಲ್ಲದು. ಮಗನ ವಿದ್ಯೆಗೆ ತಂದೆಯು ಗುಮಾಸ್ತನಾಗಿ ದುಡಿದುದು ಅದಕ್ಕಿಂತ ದೊಡ್ಡ ಮಾತಲ್ಲವೆ?

ಸರಾಸರಿಯ ಲೆಕ್ಕವು ಎಷ್ಟು ಸರಿ, ಎಲ್ಲಿ ತಪ್ಪು? ಸಿದ್ಧಗಂಗೆಯ ಜಾತ್ರೆಯನ್ನು ದೂರದ ಗುಡ್ಡದ ಮೇಲಿನಿಂದ ನೋಡಿದರೆ ಜನವು ಒಂದೇ ಬಣ್ಣದ ಕಂಬಳಿಯಂತೆ ಹರಡಿರುವುದು. ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ಹೇಳಬಹುದು. ಅದು ಸುಳ್ಳಲ್ಲ. ಆದರೆ ಜಾತ್ರೆಯೊಳಕ್ಕೆ ಇಳಿದವರಿಗೆ ಬೇರೊಂದು ಸತ್ಯವು ಕಾಣುವುದು. ಎದುರಿಗೆ ಬಂದ ಹೆಂಗಸಿಗೆ ಒಬ್ಬನು ಸರಿದು ದಾರಿ ಬಿಡುವನು. ಅವನು ಸರಿದುದರಿಂದ ಪಕ್ಕದವನು ಹಿಂಜರಿಯುವನು. ಮಗುವನ್ನು ಹೊತ್ತವನ ಸುತ್ತ ತಾನಾಗಿ ಒಂದು ತೆರವು ಏರ್ಪಡುವುದು. ಪ್ರತಿಯೊಬ್ಬನ ಹೆಜ್ಜೆಯೂ ಪಕ್ಕದವನ ಹೆಜ್ಜೆಗೆ ಆ ಕ್ಷಣದಲ್ಲಿ ಹೊಂದಿಕೊಳ್ಳುತ್ತಿರುವುದು. ಎಲೆಕ್ಟ್ರಾನುಗಳೂ ಹೀಗೆಯೇ ಒಂದನ್ನೊಂದು ಆಯಾ ಕ್ಷಣದಲ್ಲಿ ತಪ್ಪಿಸಿಕೊಂಡು ಚಲಿಸುವುವು. ಈ ಪರಸ್ಪರ ಹೊಂದಾಣಿಕೆಗೆ ಎಲೆಕ್ಟ್ರಾನುಗಳ ಸಹಸಂಬಂಧವೆಂದು ಹೆಸರು. ಗುಡ್ಡದ ಮೇಲಿನ ಲೆಕ್ಕಕ್ಕೆ ಸಿಕ್ಕದೆ ಉಳಿಯುವ ಶಕ್ತಿಯೇ ಸಹಸಂಬಂಧದ ಶಕ್ತಿ.

ಉಳಿಯುವುದು ಬಹಳವೇನಲ್ಲ. ಎರಡೇ ಎಲೆಕ್ಟ್ರಾನುಗಳ ಹೀಲಿಯಮ್ಮಿನಲ್ಲಿ ಒಟ್ಟು ಶಕ್ತಿಯು 79 ಎಲೆಕ್ಟ್ರಾನ್‌ವೋಲ್ಟ್. ಸರಾಸರಿಯ ಲೆಕ್ಕವು ಅದರಲ್ಲಿ 1.14ನ್ನು ಮಾತ್ರ ಬಿಟ್ಟು ಉಳಿದುದನ್ನೆಲ್ಲ ತಂದುಕೊಡುವುದು. ನೂರಕ್ಕೆ ಒಂದೂವರೆಗೂ ಕಡಿಮೆ ಕೊರತೆ. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟೂವರೆ ಅಂಕ ಬಂದ ಮಗುವಿಗೆ ಯಾವ ಮನೆಯಲ್ಲಿ ಸಿಹಿ ಮಾಡುವುದಿಲ್ಲ? ಆದರೆ ಕೆಂಪಿನಿಂದ ನೇರಿಳೆಯವರೆಗೆ ಕಣ್ಣು ಕಾಣುವ ಬಣ್ಣಗಳೆಲ್ಲ ಸೇರಿ ಹರಡಿರುವ ಅಂತರವೇ ಸುಮಾರು 1.3 ಎಲೆಕ್ಟ್ರಾನ್‌ವೋಲ್ಟ್. ಅಷ್ಟು ಕೊರತೆಯ ಲೆಕ್ಕವನ್ನು ನಂಬಿದವನು ಹಸುರನ್ನು ಕೆಂಪೆಂದೂ ಹೇಳಿಯಾನು. ನಾರ್ವೆಯ ಹಿಲ್ಲೆರಾಸ್ ಎಂಬವರು 1929ರಲ್ಲಿ ಎರಡು ಎಲೆಕ್ಟ್ರಾನುಗಳ ನಡುವಣ ದೂರವನ್ನೇ ಲೆಕ್ಕದೊಳಕ್ಕೆ ತಂದು ಹೀಲಿಯಮ್ಮಿನ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದರು. ಆದರೆ ಎರಡಕ್ಕೆ ಸಾಧ್ಯವಾದುದು ಹದಿಮೂರಕ್ಕೆ ಸುಲಭವಲ್ಲ. ಎರಡು ಎಲೆಕ್ಟ್ರಾನುಗಳಲ್ಲಿ ಜೋಡಿಯೊಂದೇ. ಹದಿಮೂರರಲ್ಲಿ 78 ಜೋಡಿ. ಮೂರು ಮೂರು ಸೇರುವ ಬಗೆಗಳು 286.

ಮನೆಯಲ್ಲಿ ಜನ ಕಡಿಮೆಯಾದರೆ ಜಗಳವೂ ಕಡಿಮೆಯಾಗಬೇಕಲ್ಲವೆ? ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅಯಾನಿನಲ್ಲಿ ಉಳಿದವುಗಳನ್ನು ಬೀಜವು ಬಲವಾಗಿ ಹಿಡಿದಿರುವುದು. ಯಜಮಾನನ ಕೈ ಬಿಗಿಯಾದ ಮನೆಯಲ್ಲಿ ತಮ್ಮತಮ್ಮೊಳಗಿನ ನೂಕಾಟಕ್ಕೆ ಎಡೆಯೆಲ್ಲಿ? ಒಂದು ಮಟ್ಟಿಗೆ ಇದು ನಿಜ. ಕಬ್ಬಿಣದಲ್ಲಿ ಎರಡೇ ಎಲೆಕ್ಟ್ರಾನುಗಳನ್ನು ಉಳಿಸಿದರೆ ಒಟ್ಟು ಶಕ್ತಿಯು ಸುಮಾರು 18 ಸಾವಿರ ಎಲೆಕ್ಟ್ರಾನ್‌ವೋಲ್ಟಿಗೆ ಏರುವುದು. ಸಹಸಂಬಂಧದ ಪಾಲು ಮಾತ್ರ ಹೀಲಿಯಮ್ಮಿನಲ್ಲಿದ್ದಂತೆಯೇ ಒಂದೂಕಾಲರ ಆಸುಪಾಸಿನಲ್ಲಿ ನಿಲ್ಲುವುದು. ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಇದನ್ನು ನೋಡಿ ‘ಇನ್ನು ಸರಾಸರಿಯೇ ಸಾಕು’ ಎಂದು ಏಳಲು ಮನಸ್ಸಾಗುವುದು.

ಆದರೆ ನಾಲ್ಕು ಎಲೆಕ್ಟ್ರಾನುಗಳುಳ್ಳ ಅಯಾನುಗಳು ಬೇರೆ ಪಾಠವನ್ನು ಹೇಳುವುವು. ಅಲ್ಲಿ ಹೊರಗಿನ ಎರಡು ಎಲೆಕ್ಟ್ರಾನುಗಳಿಗೆ ಬಹುಮಟ್ಟಿಗೆ ಸಮಾನವಾದ ಎರಡು ಬಗೆಯ ಪೀಠಗಳುಂಟು. ಎರಡೂ ಜೊತೆಯಾಗಿ ಒಂದರಿಂದ ಇನ್ನೊಂದಕ್ಕೆ ಹಾರಬಲ್ಲವು. ಬೀಜದ ಸೆಳೆತವು ಬೆಳೆದಂತೆಲ್ಲ ಇಲ್ಲಿ ಸಹಸಂಬಂಧದ ಶಕ್ತಿಯು ಒಂದೇ ಮಟ್ಟದಲ್ಲಿ ನಿಲ್ಲದೆ ಆ ಸೆಳೆತದೊಡನೆ ತಾನೂ ಬೆಳೆಯುವುದು. ಹಸುರು ಗೆರೆಯ ಕಬ್ಬಿಣದಲ್ಲಿಯೂ 10 ಎಲೆಕ್ಟ್ರಾನುಗಳು ಒಳಗೆ, 3 ಹೊರಗೆ. ಆ ಮೂರಕ್ಕೆ ಮೂರನೆಯ ಸುತ್ತಿನಲ್ಲಿ ಹತ್ತಿರ ಹತ್ತಿರದ ಮೂರು ಬಗೆಯ ಸ್ಥಾನಗಳು. ಯಜಮಾನನ ಅಧಿಕಾರ ಎಷ್ಟೇ ಇರಲಿ, ಮನೆಯಲ್ಲಿ ಸರಿಸಮಾನರಾದ ಓರಗಿತ್ತಿಯರಿದ್ದಲ್ಲಿ ಕಿವಿಗೊಡಬೇಕಾದುದು ಅವರ ನಡುವಣ ಮಾತಿಗೆ ಎಂಬುದನ್ನು ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ತೊಡಕೂ ಉಂಟು. ಕಬ್ಬಿಣದ ಬೀಜಕ್ಕೆ ಅತಿ ಸಮೀಪದ ಎಲೆಕ್ಟ್ರಾನುಗಳು ಬೆಳಕಿನ ವೇಗದ ಐದರಲ್ಲಿ ಒಂದು ಪಾಲಿನಷ್ಟು ವೇಗದಿಂದ ಚಲಿಸುವುವು. ಆದುದರಿಂದ ಐನ್‌ಸ್ಟೈನರ ಸಾಪೇಕ್ಷ ತತ್ತ್ವವನ್ನು ಒಳಗೊಂಡ ಡಿರಾಕ್ ಅವರ 1928ರ ಸಮೀಕರಣದಿಂದ ಲೆಕ್ಕವನ್ನು ಆರಂಭಿಸಬೇಕು. ಹಸುರು ಗೆರೆಯ ಅಂತರವೇ ಈ ಸಾಪೇಕ್ಷತೆಯ ಫಲ. ಅಷ್ಟರಿಂದ ಲೆಕ್ಕವು ಗೆರೆಯ ಹತ್ತಿರಕ್ಕೆ ಬರುವುದು. ಗೆರೆಯ ಮೇಲೆಯೇ ನಿಲ್ಲಬೇಕಾದರೆ ಸಹಸಂಬಂಧವೂ ಬೇಕು. ಎರಡನ್ನೂ ಬೇರೆ ಬೇರೆ ಹಾಕಿ ಕೂಡಿಸುವುದೂ ಸಾಲದು. ಒಂದು ಇನ್ನೊಂದನ್ನು ತಿದ್ದುವುದಾದಕಾರಣ ಜೊತೆಯಾಗಿ ನಡೆಸಬೇಕು.

ಇದಕ್ಕೆ ಒದಗಿದ ಒಂದು ಸಾಧನವು ‘ಕಪಲ್ಡ್ ಕ್ಲಸ್ಟರ್’ ಎಂಬ ಗುಚ್ಛವಿಧಾನ. ಕೋಸ್ಟರ್ ಮತ್ತು ಕ್ಯೂಮೆಲ್ ಎಂಬವರು ಪರಮಾಣುಬೀಜದ ಅಧ್ಯಯನಕ್ಕಾಗಿ 1958ರಿಂದೀಚೆಗೆ ರೂಪಿಸಿದ ಇದನ್ನು 1966ರಲ್ಲಿ ಚಿಝೆಕ್ ಎಂಬವರು ಎಲೆಕ್ಟ್ರಾನುಗಳ ಲೆಕ್ಕಕ್ಕೆ ಒಗ್ಗಿಸಿದರು. ಮೊದಲು ಎಲ್ಲ ಎಲೆಕ್ಟ್ರಾನುಗಳನ್ನೂ ಸರಾಸರಿಯ ಸ್ಥಾನದಲ್ಲಿ ಕೂರಿಸುವುದು. ಆಮೇಲೆ ಒಂಟಿಯಾಗಿ ಸರಿಯುವುದಕ್ಕೂ, ಜೋಡಿಯಾಗಿ ಸರಿಯುವುದಕ್ಕೂ ಅವಕಾಶ ಕೊಡುವುದು. ಜೋಡಿಯೊಂದು ಇಲ್ಲಿ ಸರಿಯುವಾಗಲೇ ಮತ್ತೊಂದು ಜೋಡಿ ಅಲ್ಲಿ ಸರಿಯುವುದನ್ನೂ ತಾನಾಗಿ ಲೆಕ್ಕಕ್ಕೆ ತರುವುದು. ಮೂರು ಮೂರಾಗಿ ಸರಿಯುವುದನ್ನು ಸೇರಿಸಿದರೆ ನಿಖರತೆಯು ಹೆಚ್ಚುವುದು, ಯಂತ್ರದ ಕೆಲಸವೂ ಬೆಟ್ಟದಷ್ಟಾಗುವುದು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯಲ್ಲಿ ಭಾನುಪ್ರತಾಪ ದಾಸ್ ಅವರೂ ಅವರ ಶಿಷ್ಯರೂ ಸಾಪೇಕ್ಷತೆಯನ್ನು ಕೂಡಿಸಿಕೊಂಡ ಈ ಗುಚ್ಛವಿಧಾನವನ್ನು ಅನೇಕ ವರ್ಷ ಬೆಳೆಸಿ, ಪರಮಾಣುಗಳಿಗೂ ಅಯಾನುಗಳಿಗೂ ಅನ್ವಯಿಸಿದರು.

ಇಂಥ ಕೆಲಸಕ್ಕೆ ಹೋದ ಮೊಮ್ಮಗಳೊಬ್ಬಳುಳ್ಳ ಮನೆಯನ್ನು ಉಪ್ಪಾರಹಳ್ಳಿಯಲ್ಲಿ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಾತನು ಮಂಡಿಯೊಂದರಲ್ಲಿ ಕಿರ್ದಿ ಬರೆದು ಮುದುಕನಾದವನು. ಹುಡುಗಿಯು ರಜೆಗೆ ಬಂದಾಗ ನೆಂಟರು ಕೇಳುವ ಪ್ರಶ್ನೆಯನ್ನು ಅವನೂ ಕೇಳುವನು. ಆದರೆ ಲೆಕ್ಕ ಬಲ್ಲವನಾದ್ದರಿಂದ ಬೇರೆ ರೀತಿಯಲ್ಲಿ ಕೇಳುವನು.

“ಅಲ್ಲಮ್ಮಾ, ನೂರಕ್ಕೆ ತೊಂಬತ್ತೆಂಟೂವರೆ ಆಗಲೇ ಕೈಗೆ ಬಂದಿದೆ ಎನ್ನುತ್ತೀಯೆ. ಉಳಿದ ಒಂದೂವರೆಗೆ ಐದು ವರ್ಷ ಏಕೆ?”

“ತಾತ, ಮಂಡಿಯಲ್ಲಿ ಶಿಲ್ಕಿಗೆ ಮೂರು ಪೈಸೆ ಕಡಿಮೆ ಬಂದರೆ ನೀವು ದೀಪ ಆರಿಸಿ ಮನೆಗೆ ಬರುತ್ತಿದ್ದಿರಾ?”

“ಎಲ್ಲಾದರೂ ಉಂಟೆ! ಮೂರು ಪೈಸೆಯ ಆಸೆಯಲ್ಲ. ಒಂದು ಕಡೆ ಮುನ್ನೂರು ಹೆಚ್ಚು ಬರೆದು, ಇನ್ನೊಂದು ಕಡೆ ಮುನ್ನೂರು ಬಿಟ್ಟುಹೋಗಿ, ನಡುವೆ ಈ ಮೂರು ಪೈಸೆ ಇಣಿಕಿ ನೋಡುತ್ತಿದ್ದೀತು.”

“ಹಾಗಾದರೆ ಶಿಲ್ಕು ಸರಿಯಾಗಿ ಬಂದ ದಿನ?”

ಮುದುಕನು ಸ್ವಲ್ಪ ಯೋಚಿಸುವನು. “ಬಂದ ದಿನವೂ ಖಾತೆಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ತಪ್ಪಿಗೆ ತಪ್ಪು ಸೇರಿಯೂ ಶಿಲ್ಕು ಸರಿಹೋಗುವುದುಂಟು.”

ಪರಮಾಣುವಿನ ಲೆಕ್ಕದಲ್ಲಿ ಮುಖ್ಯವಾದುದು ಇದೇ. ಸಹಸಂಬಂಧದ ಒಂದು ಪಾಲನ್ನು ಬಿಟ್ಟು, ಸಾಪೇಕ್ಷತೆಯ ಒಂದು ತಿದ್ದುಪಡಿಯನ್ನೂ ಬಿಟ್ಟರೆ, ಎರಡು ಕೊರತೆಗಳು ಒಂದನ್ನೊಂದು ಅಳಿಸಿ, ಉತ್ತರವು 5303ರ ಹತ್ತಿರಕ್ಕೇ ಬಂದು ನಿಲ್ಲಬಹುದು. ಆ ಉತ್ತರವನ್ನು ಹಿಡಿದು ಹಿಗ್ಗಿದವನು ಮುಂದಿನ ಗೆರೆಯಲ್ಲಿ ಮುಗ್ಗರಿಸುವನು. ಅಳತೆಗೆ ಹೊಂದಿದ ಮಾತ್ರದಿಂದ ಲೆಕ್ಕವು ನಿಜವಾಗದು; ಯಾವ ಪಾಲು ಎಲ್ಲಿಂದ ಬಂದಿತೆಂದು ತೋರಿಸಿದಾಗ ಮಾತ್ರ ಅದಕ್ಕೆ ಬೆಲೆ.

“ಎಲ್ಲ ಸೇರಿಸಿದ ಮೇಲೂ ತಾಳೆಯಾಗದಿದ್ದರೆ ಏನು ಮಾಡುವಿರಿ?” ಎಂದು ತಾತನು ಮತ್ತೆ ಕೇಳುವನು.

“ಎಷ್ಟು ತಾಳೆಯಾಗಲಿಲ್ಲವೋ ಅಷ್ಟನ್ನೂ ಬರೆದು ಕೆಳಗೆ ಹೆಸರು ಹಾಕುವುದು, ತಾತ.”

ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳುವ ತಾಯಿಯದು ಬೇರೊಂದು ಲೆಕ್ಕ. ಮಗಳ ಐದು ವರ್ಷಗಳನ್ನು ಆಕೆ ಎಣಿಸುವುದು ಯಾವ ಪುಸ್ತಕದಲ್ಲಿಯೂ ಬರೆಯದ ಖಾತೆಯಲ್ಲಿ. ಆ ಲೆಕ್ಕವು ತಪ್ಪೆಂದು ಹೇಳುವ ಅಧಿಕಾರ ಯಾವ ಶಾಸ್ತ್ರಕ್ಕೂ ಇಲ್ಲ. ಒಂದು ಸಂಖ್ಯೆಯ ಕೊನೆಯ ಅಂಕಿಗಾಗಿ ಹರೆಯವನ್ನು ತೆತ್ತವರಿಗೆ ಲೋಕವು ಹೆಸರನ್ನಾಗಲಿ ಹಣವನ್ನಾಗಲಿ ಕೊಡುವುದು ಅಪರೂಪ. ಕೊಡುವುದಾಗಿ ಹುಡುಗಿಗೆ ಯಾರೂ ಮಾತು ಕೊಟ್ಟೂ ಇಲ್ಲ. ಹಾಗಿದ್ದರೂ ಆ ಅಂಕಿಗಾಗಿ ಕಾದಿರುವವರುಂಟೆಂಬುದನ್ನು ಮಾತ್ರ ಹೇಳಬಹುದು.

ಕಾದಿರುವವರು ಯಾರು? 1980ರ ಫೆಬ್ರವರಿ 16ರಂದು ಹುಬ್ಬಳ್ಳಿ ರಾಯಚೂರುಗಳ ಕಡೆ ಪೂರ್ಣಗ್ರಹಣವಾದಾಗ ಕಿರೀಟವು ಕಂಡದ್ದು ಎರಡು ಮೂರು ನಿಮಿಷ. ಈಗ ಗ್ರಹಣಕ್ಕಾಗಿ ಕಾಯಬೇಕಾಗಿಲ್ಲ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆಯನ್ನು ಸೇರಿದ ‘ಆದಿತ್ಯ’ ಎಂಬ ಕೃತಕ ಉಪಗ್ರಹದಲ್ಲಿ ಸೂರ್ಯಬಿಂಬವನ್ನು ಮರೆಮಾಡಿ ಕಿರೀಟವನ್ನು ಮಾತ್ರ ನೋಡುವ ಯಂತ್ರವೊಂದಿದೆ. ಅದನ್ನು ಸಿದ್ಧಪಡಿಸಿದುದು ಆ ಖಭೌತ ಸಂಸ್ಥೆಯೇ, ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಆ ಯಂತ್ರವು ನೋಡಲೆಂದು ಆರಿಸಿದ ಗೆರೆಗಳು ಮೂರು: 5303, 7892, 10747 ಆಂಗ್‌ಸ್ಟ್ರಮ್. ಮೂರೂ ಕಬ್ಬಿಣದವೇ; ಕ್ರಮವಾಗಿ 13, 10, 12 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಗೆರೆಯ ಪ್ರಕಾಶದಿಂದ ಅಲ್ಲಿನ ಶಾಖವೆಷ್ಟು, ದಟ್ಟಣೆಯೆಷ್ಟು ಎಂದು ತಿಳಿಯಬೇಕಾದರೆ, ಅಯಾನು ಎಷ್ಟು ಬೇಗ ಬೆಳಕನ್ನು ಬಿಡುವುದು, ಢಿಕ್ಕಿಯಿಂದ ಎಷ್ಟು ಸುಲಭವಾಗಿ ಮೇಲೇರುವುದು ಎಂಬ ಸಂಖ್ಯೆಗಳು ಬೇಕು. ಇವುಗಳಲ್ಲಿ ಬಹುಪಾಲು ಲೆಕ್ಕದಿಂದಲೇ ಬರತಕ್ಕವು. ಆ ಲೆಕ್ಕದಲ್ಲಿ ಎಲೆಕ್ಟ್ರಾನುಗಳ ಸಹಸಂಬಂಧವನ್ನು ಅಲಕ್ಷಿಸಿದರೆ, ಯಂತ್ರವು ಎಷ್ಟು ಚೆನ್ನಾಗಿ ನೋಡಿದರೂ ಅರ್ಥವು ಕೆಟ್ಟುಹೋಗುವುದು.

ಇಂಥ ವಿಷಯವು ಸಾಹಿತ್ಯದ ಪತ್ರಿಕೆಗೆ ತಕ್ಕದ್ದೆ ಎಂದು ಕೇಳುವ ವಾಚಕರೂ ಇರಬಹುದು. ತುಮಕೂರು ತಾಲ್ಲೂಕಿನ ಊರ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವರು. 1918ರಲ್ಲಿ ಹೊರಟ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ನಡೆಸಿದವರು. 1931ರಲ್ಲಿ ಅಚ್ಚಾದ ಪಂಪಭಾರತದ ಪರಿಷ್ಕರಣವೂ ಅವರದೇ. ಪಾಠಾಂತರಗಳಲ್ಲಿ ಒಂದಕ್ಷರಕ್ಕಾಗಿ ತಾಳೆಗರಿಗಳನ್ನು ಹೋಲಿಸಿ ನೋಡುವ ಶ್ರಮಕ್ಕೂ, ಗೆರೆಯ ಸ್ಥಾನದಲ್ಲಿ ಒಂದಂಕಿಗಾಗಿ ಜೋಡಿಜೋಡಿಯಾಗಿ ಎಲೆಕ್ಟ್ರಾನುಗಳನ್ನು ಲೆಕ್ಕಿಸುವ ಶ್ರಮಕ್ಕೂ ಹೆಚ್ಚಿನ ಭೇದವಿಲ್ಲ. ಕಾವ್ಯದ ಸಾಮಾನ್ಯ ಅಭಿಪ್ರಾಯವು ಆ ಒಂದಕ್ಷರವಿಲ್ಲದೆಯೂ ತಿಳಿಯುವುದು. ಕವಿಯು ನಿಜವಾಗಿ ಏನೆಂದನೆಂಬುದು ಮಾತ್ರ ತಿಳಿಯದು.

ಮನುಷ್ಯರನ್ನು ಅಳೆಯುವಾಗಲೂ ಲೋಕಕ್ಕೆ ಸರಾಸರಿಯೇ ಪ್ರಿಯ. ಊರಿನವರು ಹೀಗೆ, ಜಾತಿಯವರು ಹಾಗೆ, ಈ ಕಾಲದ ಹುಡುಗಿಯರು ಇಂಥವರು ಎಂದು ಹೇಳಿ ಮುಗಿಸುವುದು ಸುಲಭ. ಆ ಮಾತುಗಳಲ್ಲಿ ಬಹುಪಾಲು ನಿಜವೂ ಇದ್ದೀತು. ಆದರೆ ಒಬ್ಬನು ಪಕ್ಕದವನಿಗಾಗಿ ಆ ಕ್ಷಣದಲ್ಲಿ ಎಷ್ಟು ಸರಿದನು, ಏಕೆ ಸರಿದನು ಎಂಬುದು ಅದರಲ್ಲಿ ಸಿಕ್ಕುವುದಿಲ್ಲ. ಅವನು ಇಂಥವನೇ ಎಂದು ಗುರುತು ಹಿಡಿಯುವುದು ಅದರಿಂದಲೇ. ಕಬ್ಬಿಣದ ಅಯಾನಿನ ಲೆಕ್ಕವು ಇನ್ನೂ ಮುಗಿದಿಲ್ಲ. ಈಗ ಕೈಯಲ್ಲಿರುವ ಉತ್ತರಗಳ ಮುಂದೆ ‘ಇಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದು’ ಎಂಬ ಸಣ್ಣ ಅಂಕಿಯೊಂದನ್ನು ಪ್ರಾಮಾಣಿಕರಾದ ಲೆಕ್ಕಿಗರು ಬರೆದಿಡುವರು. ಮುಂದೆ ಬರುವವರು ಕೆಲಸವನ್ನು ಆರಂಭಿಸಬೇಕಾದುದು ಆ ಸಣ್ಣ ಅಂಕಿಯಿಂದ.